ಬೇತೇಲಿನಲ್ಲಿ ನುಡಿದುದು, ಗತ್ ಊರಿನಲ್ಲಿ ನುಡಿದುದು: ಪಂಡಿತಾ ರಮಾಬಾಯಿಯವರ ಸ್ವದೇಶ ವಿಮರ್ಶೆಯ ಒಂದು ಓದು

ಸೌಲನೂ ಯೋನಾತಾನನೂ ಗಿಲ್ಬೋವ ಬೆಟ್ಟದಲ್ಲಿ ಮಡಿದ ಸುದ್ದಿ ಕೇಳಿ ದಾವೀದನು ಹಾಡಿದ ಶೋಕಗೀತೆಯಲ್ಲಿ ಒಂದು ನಿಷೇಧವಿದೆ: ಈ ಸಂಗತಿಯನ್ನು ಫಿಲಿಷ್ಟಿಯರ ಗತ್ ಊರಿನಲ್ಲಿ ತಿಳಿಸಕೂಡದು, ಅಷ್ಕೆಲೋನಿನ ಬೀದಿಗಳಲ್ಲಿ ಸಾರಕೂಡದು (2 ಸಮು 1:20). ಮನೆಯ ದುಃಖ ಹೊರಗಿನವರ ಹಬ್ಬವಾಗಬಾರದೆಂಬುದೇ ಅದರ ಕಾರಣ. ಆಮೋಸನ ಗ್ರಂಥದಲ್ಲಿ ಇದಕ್ಕೆ ತಿರುಗುಮುರುಗಾದ ಮತ್ತೊಂದು ನಿಷೇಧ ಸಿಗುತ್ತದೆ. ಬೇತೇಲಿನ ಯಾಜಕನಾದ ಅಮಚ್ಯನು ಪ್ರವಾದಿಗೆ, ಯೂದ ನಾಡಿಗೆ ಓಡಿಹೋಗಿ ಅಲ್ಲಿ ಪ್ರವಾದನೆ ಮಾಡಿ ಹೊಟ್ಟೆ ಹೊರೆದುಕೋ, ಬೇತೇಲಿನಲ್ಲಿ ಮಾತ್ರ ಬಾಯಿ ತೆರೆಯಬೇಡ ಎನ್ನುತ್ತಾನೆ (ಆಮೋ 7:12-13). ಅಮಚ್ಯನಿಗೆ ಲೋಕಜ್ಞಾನವಿತ್ತು. ಇಸ್ರಯೇಲಿನ ಖಂಡನೆಗೆ ಯೂದದಲ್ಲಿ ಕೇಳುಗರೂ ಸಿಗುತ್ತಾರೆ, ರೊಟ್ಟಿಯೂ ಸಿಗುತ್ತದೆ ಎಂಬುದನ್ನು ಅವನು ಬಲ್ಲವನಾಗಿದ್ದ. ಆಮೋಸನು ಯೂದದ ತೆಕೋವ ಊರಿನವನಾಗಿದ್ದರೂ ಆ ಸುಲಭದ ದಾರಿಯನ್ನು ಹಿಡಿಯದೆ, ತನ್ನ ಮಾತು ಯಾರನ್ನು ಕುರಿತದ್ದೋ ಅವರ ಎದುರಿನಲ್ಲಿಯೇ ನಿಂತನು.

ಸ್ವದೇಶದ ಬಾಳು ಮತ್ತು ಸಂಸ್ಕೃತಿಯ ವಿಷಯದಲ್ಲಿ ಹುಟ್ಟುವ ಅಸಮಾಧಾನವನ್ನು ದೈವಶಾಸ್ತ್ರದ ದೃಷ್ಟಿಯಿಂದ ಹೇಗೆ ತೂಗಬೇಕು? ಅದನ್ನು ದೇಶದ್ರೋಹವೆನ್ನುವವರಿದ್ದಾರೆ, ಅಸಮಾಧಾನವೆಲ್ಲವೂ ಪ್ರವಾದಿಯ ವಾಣಿ ಎಂದು ಭ್ರಮಿಸುವವರೂ ಇದ್ದಾರೆ. ಈ ಎರಡೂ ನಿಲುವುಗಳು ಒಂದು ಪ್ರಶ್ನೆಯನ್ನು ಬಿಟ್ಟುಬಿಡುತ್ತವೆ: ಆ ಅಸಮಾಧಾನವನ್ನು ಹೇಳಿದ್ದು ಯಾರಿಗೆ? ಈ ಪ್ರಶ್ನೆಯನ್ನು ಇಟ್ಟುಕೊಂಡು ಪಂಡಿತಾ ರಮಾಬಾಯಿಯವರ (1858-1922) ಬರಹ ಮತ್ತು ಬದುಕನ್ನು ಓದುವುದು ಇಲ್ಲಿನ ಉದ್ದೇಶ. ಅವರು ಆಂಗ್ಲಿಕನ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರು, ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಆದರೂ ಸ್ವದೇಶದ ವಿಮರ್ಶೆ ಎಂಬ ಕ್ರೈಸ್ತ ಕರ್ತವ್ಯಕ್ಕೆ ಅವರಷ್ಟು ಬೆಲೆ ತೆತ್ತವರು ಈ ನಾಡಿನ ಕ್ರೈಸ್ತ ಚರಿತ್ರೆಯಲ್ಲಿ ವಿರಳ.

ರಮಾಬಾಯಿಯವರು ಹುಟ್ಟಿದ್ದು ಕನ್ನಡ ನೆಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಹೊರಟು, ಬಂಧುಬಳಗದ ವಿರೋಧಕ್ಕೆ ಗುರಿಯಾಗಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲಸಿದರು. ಅಲ್ಲಿಯೇ ಮಗಳ ಜನನ. ಮುಂದೆ ಆ ಕುಟುಂಬ ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯಿತು. 1870ರ ದಶಕದ ಕ್ಷಾಮದಲ್ಲಿ ತಾಯಿತಂದೆಯರೂ ಅಕ್ಕನೂ ತೀರಿಕೊಂಡರು. ಉಳಿದ ಅಣ್ಣತಂಗಿಯರು 1878ರಲ್ಲಿ ಕಲ್ಕತ್ತಾ ತಲುಪಿದಾಗ, ಅಲ್ಲಿನ ವಿದ್ವಾಂಸರು ಇಪ್ಪತ್ತರ ಹರೆಯದ ಈ ಯುವತಿಗೆ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನಿತ್ತರು. ಅವರ ಅಸಮಾಧಾನದ ಬೇರನ್ನು ಗುರುತಿಸಲು ಈ ಹಿನ್ನೆಲೆ ಅಗತ್ಯ. ಪರದೇಶದ ವೈಭವ ಕಂಡು ಸ್ವದೇಶವನ್ನು ಹೀಗಳೆದವರ ಅಸಮಾಧಾನ ಇದಲ್ಲ. ಪರಂಪರೆಯ ಸಂಪತ್ತನ್ನು ಒಳಗಿನಿಂದ ಉಂಡು, ಅದೇ ಪರಂಪರೆ ಹೆಣ್ಣಿಗೂ ಶೂದ್ರರಿಗೂ ಬಾಗಿಲು ಮುಚ್ಚಿದ್ದನ್ನು ಒಳಗಿನಿಂದಲೇ ಕಂಡವರ ಅಸಮಾಧಾನ ಇದು.

ಅವರ ಮೊದಲ ಮಾತುಗಳೆಲ್ಲ ಬೇತೇಲಿನಲ್ಲಿಯೇ ನುಡಿದವು. ಬಂಗಾಳದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಎಲ್ಲೆ ಮೀರಿ 1880ರಲ್ಲಿ ವಿವಾಹವಾದ ಅವರು ಎರಡು ವರ್ಷ ತುಂಬುವುದರೊಳಗೆ ವಿಧವೆಯಾಗಿ, ಎಳೆಯ ಮಗಳು ಮನೋರಮಾಳೊಡನೆ ಪುಣೆಗೆ ಬಂದರು. 1882ರಲ್ಲಿ ಆರ್ಯ ಮಹಿಳಾ ಸಮಾಜ ಸ್ಥಾಪನೆಯಾಯಿತು. ಮರಾಠಿಯಲ್ಲಿ 'ಸ್ತ್ರೀಧರ್ಮನೀತಿ' ಪ್ರಕಟವಾಯಿತು. ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಮಹಿಳಾ ಶಿಕ್ಷಕಿಯರೂ ಮಹಿಳಾ ವೈದ್ಯರೂ ಬೇಕೆಂದು ಅವರು ಸಾಕ್ಷ್ಯ ನುಡಿದರು. ಕೇಳುಗರು ಅವರದೇ ಜನ, ಭಾಷೆ ಆ ಜನರದೇ ಭಾಷೆ.

1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿ ಅದೇ ವರ್ಷ ವಾಂಟೇಜ್ ಎಂಬಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು. ಸ್ವದೇಶದಲ್ಲಿ ಅತೃಪ್ತಳಾದವಳು ಪರದೇಶದಲ್ಲಿ ತೃಪ್ತಳಾಗಿ, ವಿನೀತಳಾಗಿ ಕುಳಿತಿರುವಳೆಂದು ಅಲ್ಲಿನವರು ಎಣಿಸಿದ್ದರೆ ಆ ಎಣಿಕೆ ತಪ್ಪಿತು. ಸಿಸ್ಟರ್ ಜೆರಾಲ್ಡಿನ್ ಮತ್ತು ಚೆಲ್ಟನ್‌ಹ್ಯಾಮ್ ಕಾಲೇಜಿನ ಡೊರೊತಿಯಾ ಬೀಲ್ ಅವರೊಡನೆ ನಡೆದ ಪತ್ರವ್ಯವಹಾರದಲ್ಲಿ ತ್ರಿತ್ವದ ಸಿದ್ಧಾಂತದಿಂದ ಹಿಡಿದು ಊಟದ ತಟ್ಟೆಯವರೆಗೆ ಎಲ್ಲವೂ ಚರ್ಚೆಗೆ ಬರುತ್ತದೆ. ಅವರು ಸಸ್ಯಾಹಾರವನ್ನು ಬಿಡಲಿಲ್ಲ. ತಾವು ಧರಿಸುವ ಶಿಲುಬೆಯ ಮೇಲೆ ಲತೀನ್ ಏಕೆ, ಸಂಸ್ಕೃತ ಅಕ್ಷರಗಳು ಏಕಿರಬಾರದು ಎಂದು ಕೇಳಿದರು. ಅವರು ಗಂಡಸರಿಗೆ ಪಾಠ ಹೇಳಿದರೆ ಭಾರತದಲ್ಲಿ ಅವರ ಪ್ರಭಾವ ಕುಗ್ಗೀತೆಂದು ಧರ್ಮಾಧ್ಯಕ್ಷರು ಆಕ್ಷೇಪಿಸಿದಾಗ, ತಮ್ಮ ಅಂತಃಸಾಕ್ಷಿಯನ್ನು ಮತ್ತೊಂದು ಪುರೋಹಿತವರ್ಗಕ್ಕೆ ಒಪ್ಪಿಸಲಾರೆನೆಂಬ ನಿಲುವು ತಳೆದರು.

ಇದು ನಮ್ಮ ಓದಿಗೆ ಸಿಗುವ ಮೊದಲ ಒರೆಗಲ್ಲು. ನಿಜವಾದ ಅಸಮಾಧಾನ ಗಡಿ ದಾಟಿದ ಕೂಡಲೇ ನಿದ್ದೆಹೋಗುವುದಿಲ್ಲ. ಸ್ವದೇಶದ ಅನ್ಯಾಯವನ್ನು ಕಂಡ ಕಣ್ಣು ಪರದೇಶದ ಅನ್ಯಾಯವನ್ನೂ ಕಾಣುತ್ತದೆ. ಅಲ್ಲಿ ಕುರುಡಾಗುವುದಾದರೆ, ಅದು ನ್ಯಾಯದ ಹಸಿವಾಗಿರಲಿಲ್ಲ, ಸೌಕರ್ಯದ ಹಸಿವಾಗಿತ್ತು ಎನ್ನಬೇಕಾಗುತ್ತದೆ.

1886ರಲ್ಲಿ ಬಂಧುವಾದ ಆನಂದಿಬಾಯಿ ಜೋಶಿಯವರ ವೈದ್ಯಕೀಯ ಪದವಿ ಸಮಾರಂಭಕ್ಕೆಂದು ಫಿಲಡೆಲ್ಫಿಯಾಕ್ಕೆ ಹೋದ ರಮಾಬಾಯಿ ಅಮೆರಿಕದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಿಂತರು. ಆ ವಾಸದ ಫಲವಾಗಿ ಎರಡು ಪುಸ್ತಕಗಳು ಬಂದವು. ಅವನ್ನು ಒಟ್ಟಿಗೆ ಓದದ ಹೊರತು ಅವರ ವಿಮರ್ಶೆಯ ಬಲವೂ ತಿಳಿಯದು, ದೌರ್ಬಲ್ಯವೂ ತಿಳಿಯದು. ಮೊದಲನೆಯದು 1887ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ, ಉಚ್ಚಜಾತಿಯ ಹಿಂದೂ ಸ್ತ್ರೀಯನ್ನು ಕುರಿತ ಗ್ರಂಥ. ಎರಡನೆಯದು 1889ರಲ್ಲಿ ಮರಾಠಿಯಲ್ಲಿ ಹೊರಬಂದ, ಅಮೆರಿಕ ದೇಶದ ಜನಜೀವನ ಮತ್ತು ಪ್ರವಾಸದ ವೃತ್ತಾಂತ. ಮೊದಲನೆಯದು ಅಮೆರಿಕದವರಿಗೆ ಭಾರತದ ಗಾಯವನ್ನು ತೋರಿಸುತ್ತದೆ. ಎರಡನೆಯದು ಭಾರತದವರಿಗೆ ಅಮೆರಿಕದ ಸಾಧನೆಯನ್ನು ತೋರಿಸುತ್ತದೆ.

ಮರಾಠಿ ಗ್ರಂಥ ಹೆಚ್ಚು ನಿರಾಳವಾದದ್ದು, ಹೆಚ್ಚು ನ್ಯಾಯವಾದದ್ದು. ಅಲ್ಲಿ ಅಮೆರಿಕದ ಸ್ತ್ರೀಶಿಕ್ಷಣಕ್ಕೆ ಮೆಚ್ಚುಗೆಯಿದೆ. ಜೊತೆಗೆ ಮೂಲನಿವಾಸಿಗಳಿಗೂ ಕರಿಯ ಜನರಿಗೂ ಆ ದೇಶ ಎಸಗಿದ ಅನ್ಯಾಯದ ಮಾತೂ ಇದೆ. ಇಂಗ್ಲಿಷ್ ಗ್ರಂಥದ ಲಕ್ಷಣ ಬೇರೆ. ತಾಯಿ ಲಕ್ಷ್ಮೀಬಾಯಿಯ ನೆನಪಿಗೆ ಅರ್ಪಿತವಾದ ಆ ಕೃತಿಯಲ್ಲಿ ಮನುಸ್ಮೃತಿಯ ಉಲ್ಲೇಖಗಳಿಂದ ಹಿಡಿದು ಗಂಡನ ಮನೆಗೆ ಹೋಗಲೊಪ್ಪದ ರಖ್ಮಾಬಾಯಿಯ ಮೊಕದ್ದಮೆಯವರೆಗೆ ಸಾಕ್ಷ್ಯಗಳು ಸಾಲುಗೂಡಿ ನಿಂತಿವೆ. ಆಪಾದನೆ ಸುಳ್ಳಲ್ಲ. ಆದರೆ ಬಾಲವಿಧವೆಯರಿಗೊಂದು ಶಾಲೆ ಕಟ್ಟಲು ನೆರವು ಬೇಡುವುದು ಪುಸ್ತಕದ ಉದ್ದೇಶವಾದುದರಿಂದ, ದಾನಿಯ ಮನ ಕರಗಿಸುವ ಅಗತ್ಯವೇ ವಾದದ ಆಕಾರವನ್ನು ನಿರ್ಧರಿಸುತ್ತದೆ. ಭಾರತದ ಹೆಣ್ಣು ಇಲ್ಲಿ ಬಹುಮಟ್ಟಿಗೆ ನೋಯುವವಳಾಗಿಯೇ ಕಾಣುತ್ತಾಳೆ. ಮಗಳಿಗೆ ಸಂಸ್ಕೃತ ಕಲಿಸಿದ ಲಕ್ಷ್ಮೀಬಾಯಿಯಂಥವಳು ಅರ್ಪಣೆಯ ಪುಟದಲ್ಲಿದ್ದಾಳೆ, ವಾದದ ನಡುವೆ ಆಕೆಗೆ ದೊರೆತ ಜಾಗ ಕಿರಿದು. ಹೆಸರೇ ಹೇಳುವಂತೆ ಉಚ್ಚಜಾತಿಯ ಆಚೆಗಿನ ಹೆಣ್ಣು ಇಲ್ಲಿಲ್ಲ.

ಗತ್ ಊರಿನಲ್ಲಿ ಹೇಳಿದ ಮಾತು ಹೇಳಿದವರ ಹಿಡಿತದಲ್ಲಿ ಉಳಿಯುವುದಿಲ್ಲ. 1887ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘ ಹುಟ್ಟಿತು. ಹಲವು ಊರುಗಳಲ್ಲಿ ರಮಾಬಾಯಿ ಮಂಡಳಿಗಳು ತಲೆಯೆತ್ತಿದವು. 1895ರಲ್ಲಿ ಬ್ರೂಕ್ಲಿನ್ನಿನ ಮಂಡಳಿಯವರಿಗೂ ಸ್ವಾಮಿ ವಿವೇಕಾನಂದರಿಗೂ ಹಿಂದೂ ವಿಧವೆಯರ ಸ್ಥಿತಿಯ ಬಗ್ಗೆ ಬಹಿರಂಗ ವಾಗ್ವಾದವೇ ನಡೆಯಿತು. ಅಷ್ಟರಲ್ಲಿ ರಮಾಬಾಯಿ ಸ್ವದೇಶಕ್ಕೆ ಮರಳಿ ಆರು ವರ್ಷಗಳಾಗಿದ್ದವು. ವಿಧವೆಯ ಕಣ್ಣೀರು ದೂರದ ನಗರವೊಂದರಲ್ಲಿ ಎರಡು ಪಕ್ಷಗಳ ಮಾನಾಪಮಾನದ ವಿಷಯವಾಗಿಬಿಟ್ಟಿತ್ತು.

ಹಾಗಾದರೆ ಅವರು ಸುಮ್ಮನಿರಬೇಕಿತ್ತೇ? ಇಲ್ಲಿ ದಾವೀದನ ನಿಷೇಧವನ್ನು ಎಚ್ಚರದಿಂದ ಓದಬೇಕು. ಅದು ಮಡಿದವರಿಗಾಗಿ ಅತ್ತವನ ಮಾತು. ಅದನ್ನೇ ಕೊಂದವರು ಆಡಿದರೆ ಬಾಯಿ ಮುಚ್ಚಿಸುವ ಆಜ್ಞೆಯಾಗುತ್ತದೆ. ಮನೆಯ ಮಾತು ಹೊರಗೆ ಹೋಗಬಾರದೆಂಬ ನೀತಿಯ ಮರೆಯಲ್ಲಿ ಮನೆಯೊಳಗಿನ ಎಷ್ಟೋ ಹಿಂಸೆಗಳು ತಲೆಮಾರುಗಟ್ಟಲೆ ನಡೆದಿವೆ. ಬೇತೇಲಿನ ಬಾಗಿಲು ಮುಚ್ಚಿದಾಗ ದುರ್ಬಲರ ಪರ ನಿಂತವರು ಎಲ್ಲಿ ಕಿವಿ ಸಿಕ್ಕಿತೋ ಅಲ್ಲಿ ಮಾತಾಡಿಯಾರು. ಆದ್ದರಿಂದ ಹೊರಗೆ ಹೇಳಿದ್ದೇ ದೋಷವೆನ್ನಲಾಗದು. ಹೊರಗೆ ಹೇಳಿದ್ದನ್ನು ಒಳಗೂ ಹೇಳಿದರೇ, ಹೇಳಿದ ಮೇಲೆ ಮರಳಿ ಬಂದು ಅದರ ಹೊರೆ ಹೊತ್ತರೇ ಎಂಬುದು ಎರಡನೆಯ ಒರೆಗಲ್ಲು.

ಈ ಒರೆಗಲ್ಲಿನ ಮೇಲೆ ರಮಾಬಾಯಿಯವರ ಬದುಕು ಅವರ ಇಂಗ್ಲಿಷ್ ಗ್ರಂಥಕ್ಕಿಂತ ದೊಡ್ಡದಾಗಿ ಬೆಳಗುತ್ತದೆ. ಅಮೆರಿಕದಲ್ಲಿ ಗೌರವವಿತ್ತು, ವೇದಿಕೆಯಿತ್ತು. ಅವನ್ನು ಬಿಟ್ಟು ಬಂದು 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಅಲ್ಲಿನ ಮೊದಲ ವಿದ್ಯಾರ್ಥಿನಿಯರಲ್ಲಿ ಮುಂದೆ ಧೋಂಡೊ ಕೇಶವ ಕರ್ವೆಯವರನ್ನು ಪುನರ್ವಿವಾಹವಾದ ಗೋದೂಬಾಯಿ ಒಬ್ಬರು. ಹುಡುಗಿಯರು ಕ್ರೈಸ್ತ ಪ್ರಾರ್ಥನೆಯತ್ತ ಒಲಿಯುತ್ತಿದ್ದಾರೆಂಬ ವಿವಾದವೆದ್ದು, ಟಿಳಕರ 'ಕೇಸರಿ' ಪತ್ರಿಕೆ ಕಟುವಾಗಿ ವಿರೋಧಿಸಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೂ ಸಲಹಾ ಮಂಡಳಿಯಿಂದ ಹಿಂದೆ ಸರಿದರು. ರಮಾಬಾಯಿ ಊರು ಬಿಡಲಿಲ್ಲ. 1896-97ರ ಕ್ಷಾಮದಲ್ಲಿ ಮಧ್ಯಭಾರತಕ್ಕೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದು ಪುಣೆಯ ಸಮೀಪದ ಕೇಡಗಾಂವ್‌ನಲ್ಲಿ ಆಶ್ರಯವಿತ್ತರು. ಹತ್ತು ವರ್ಷಗಳ ಹಿಂದಿನ ಪುಸ್ತಕದಲ್ಲಿ ಇಲ್ಲದಿದ್ದ ಕೆಳಜಾತಿಯ ಹೆಣ್ಣು ಈಗ ಅವರ ಅಂಗಳದಲ್ಲಿ ಉಣ್ಣಲು ಕುಳಿತಿದ್ದಳು. ಅದೇ 1897ರಲ್ಲಿ ಪುಣೆಯ ಸರ್ಕಾರಿ ಪ್ಲೇಗ್ ವ್ಯವಸ್ಥೆಯಲ್ಲಿ ಹೆಂಗಸರಿಗಾದ ಅವಮಾನವನ್ನು ಪತ್ರಿಕೆಗೆ ಬರೆದು ಬ್ರಿಟಿಷ್ ಆಡಳಿತದ ಅಸಹನೆಗೂ ಗುರಿಯಾದರು.

ಅವರ ಕೊನೆಯ ದೊಡ್ಡ ಕೆಲಸ ಪವಿತ್ರ ಗ್ರಂಥದ ಮರಾಠಿ ಅನುವಾದ. ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ನುಡಿಯಲ್ಲಿ ಅನುವಾದಿಸಿ, ಆಶ್ರಮದ ಹೆಣ್ಣುಮಕ್ಕಳ ಕೈಯಿಂದಲೇ ಅಚ್ಚುಹಾಕಿಸಿದರು. ಸಂಪೂರ್ಣ ಗ್ರಂಥ ಹೊರಬಂದುದು ಅವರ ಮರಣಾನಂತರ, 1924ರಲ್ಲಿ. ಇಂಗ್ಲೆಂಡಿನಲ್ಲಿ ಶಿಲುಬೆಗೆ ಸಂಸ್ಕೃತವೇ ಬೇಕೆಂದವರು ಕೇಡಗಾಂವ್‌ನಲ್ಲಿ ಸಂಸ್ಕೃತಭೂಯಿಷ್ಠ ಶೈಲಿಯನ್ನು ದೂರವಿಟ್ಟರು. ಇದರಲ್ಲಿ ವಿರೋಧಾಭಾಸವಿಲ್ಲ. ಲತೀನಿನ ಮುಂದೆ ಸಂಸ್ಕೃತ ಅವಮಾನಿತರ ಭಾಷೆಯಾಗಿತ್ತು. ಹಳ್ಳಿಯ ಹೆಂಗಸಿನ ಮುಂದೆ ಅದೇ ಸಂಸ್ಕೃತ ಬಾಗಿಲಿಗೆ ಹಾಕಿದ ಅಗುಳಿಯಾಗಿತ್ತು. ಸ್ವದೇಶವನ್ನು ಪರರ ಗರ್ವದ ಎದುರು ಎತ್ತಿಹಿಡಿಯುವುದು, ಅದೇ ಸ್ವದೇಶವನ್ನು ಅದರ ದೀನರ ಎದುರು ತಗ್ಗಿಸುವುದು: ಒಂದೇ ಪ್ರೀತಿಯ ಎರಡು ಕ್ರಿಯೆಗಳಿವು. ನಮ್ಮಲ್ಲಿ ಸಂಸ್ಕೃತೀಕರಣವನ್ನೇ ಸಾಂಸ್ಕೃತಿಕ ಅನುರೂಪತೆ ಎಂದು ಭಾವಿಸಿ ನಡೆದ ಪೂಜಾವಿಧಿಯ ಪ್ರಯೋಗಗಳು ಈ ಅನುವಾದಕಿಯಿಂದ ಕಲಿಯಬೇಕಾದ ಪಾಠ ಇನ್ನೂ ಉಳಿದಿದೆ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ 'ಗೌದಿಯುಮ್ ಎತ್ ಸ್ಪೆಸ್' ಸಂವಿಧಾನದಲ್ಲಿ, ಶುಭಸಂದೇಶವು ಪತಿತ ಮಾನವನ ಬಾಳು ಮತ್ತು ಸಂಸ್ಕೃತಿಯನ್ನು ನವೀಕರಿಸುತ್ತ ಅದರ ಕೆಡುಕುಗಳೊಡನೆ ಹೋರಾಡುತ್ತದೆಂದು ಬೋಧಿಸುತ್ತದೆ (58). ಧರ್ಮಸಭೆ ಯಾವುದೇ ಒಂದು ಸಂಸ್ಕೃತಿಗೆ ಕಟ್ಟುಬಿದ್ದಿಲ್ಲವೆಂದೂ ಅಲ್ಲಿಯೇ ಹೇಳಲಾಗಿದೆ. ಹಾಗಿದ್ದ ಮೇಲೆ ಸ್ವಸಂಸ್ಕೃತಿಯಲ್ಲಿ ಪೂರ್ಣ ತೃಪ್ತನಾದ ಕ್ರೈಸ್ತನು ಶುಭಸಂದೇಶವನ್ನು ಅರ್ಧ ಮಾತ್ರ ಕೇಳಿದವನು. ಪ್ರಭು ಯೇಸು ಜೆರುಸಲೇಮನ್ನು ಕುರಿತು ಆಡಿದ ಕಠಿಣ ನುಡಿಗಳು ಸಣ್ಣವಲ್ಲ. ಆದರೆ ಆ ನುಡಿಗಳಿಗೆ ಮುಂಚೆ ಅವರು ಪಟ್ಟಣವನ್ನು ನೋಡಿ ಅತ್ತರು (ಲೂಕ 19:41). ಅತ್ತ ಮೇಲೆ ಹಿಂದಿರುಗದೆ ಅದರೊಳಗೇ ನಡೆದರು. ಕಣ್ಣೀರು ಮತ್ತು ಪ್ರವೇಶ, ಇವೆರಡೂ ಇಲ್ಲದ ಖಂಡನೆ ಪ್ರವಾದನೆಯಾಗಲಾರದು.

ಗುರುಮಠಗಳಲ್ಲಿ ಓದುತ್ತಿರುವವರಿಗೂ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವವರಿಗೂ ಈ ಓದು ದೂರದ ಚರಿತ್ರೆಯಲ್ಲ. ದೇಶದ ರಸ್ತೆ, ರಾಜಕೀಯ, ಲಂಚ, ಜಾತಿ ಇವುಗಳ ಬಗ್ಗೆ ನಮ್ಮ ಊಟದ ಕೋಣೆಗಳಲ್ಲಿ ನಡೆಯುವ ಮಾತಿನಲ್ಲಿ ಅಸಮಾಧಾನಕ್ಕೆ ಕೊರತೆಯಿಲ್ಲ. ಉನ್ನತ ವ್ಯಾಸಂಗಕ್ಕೋ ಸೇವೆಗೋ ಯುರೋಪಿಗೆ ಹೋಗುವ ಆಸೆಯ ಹಿಂದೆಯೂ ಅದು ಕೆಲವೊಮ್ಮೆ ಇರುತ್ತದೆ. ಹೋಗುವುದು ತಪ್ಪಲ್ಲ, ರಮಾಬಾಯಿಯವರೂ ಹೋದರು. ಪರೀಕ್ಷಿಸಬೇಕಾದದ್ದು ನಾವು ಬರೆಯುವ ಎರಡು ಬಗೆಯ ಬರಹಗಳನ್ನು. ವಿದೇಶದ ದಾನಿಗೆ ಕಳುಹಿಸುವ ಬೇಡಿಕೆಯ ಪತ್ರದಲ್ಲಿ ಹಳ್ಳಿಯ ದಲಿತ ಕುಟುಂಬದ ಸಂಕಟ ಸವಿವರವಾಗಿ ಬರುತ್ತದೆ. ಭಾನುವಾರದ ಪ್ರಬೋಧನೆಯಲ್ಲಿ, ಆ ಸಂಕಟಕ್ಕೆ ಕಾರಣರಾದವರೂ ಕುಳಿತಿರುವ ದೇವಾಲಯದಲ್ಲಿ, ಅದೇ ಮಾತು ಬರುತ್ತದೆಯೇ? ಧರ್ಮಸಭೆಯೊಳಗಿನ ಜಾತಿಭೇದ ಘೋರ ಪಾಪವೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರು 2016ರ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದ್ದಾರೆ. ಆ ದಾಖಲೆ ಎಷ್ಟು ಬಲಿಪೀಠಗಳ ಬಳಿ ಓದಲ್ಪಟ್ಟಿದೆ ಎಂಬುದನ್ನು ಆಯಾ ಧರ್ಮಕೇಂದ್ರದವರೇ ಬಲ್ಲರು.

ಅಮಚ್ಯನ ಸಲಹೆ ಇಂದಿಗೂ ನಮ್ಮ ಕಿವಿಯಲ್ಲಿದೆ: ಬೇರೆಡೆ ಹೋಗಿ ಹೇಳು, ರೊಟ್ಟಿಯೂ ಸಿಗುತ್ತದೆ. ಅವನೂ ಯಾಜಕನೇ ಆಗಿದ್ದನೆಂಬುದನ್ನು ಯಾಜಕರಾದವರು ಮರೆಯುವಂತಿಲ್ಲ.