ಕಸ ಎತ್ತಿದ್ದು ಗೊತ್ತು, ಬಿದ್ದದ್ದೆಲ್ಲಿ?

ಮೊನ್ನೆ ನಮ್ಮ ಕಟ್ಟಡದ ಎರಡನೇ ಮಹಡಿಯ ಹುಡುಗಿ ದೊಡ್ಡದೊಂದು ಚಾರ್ಟ್ ಹಿಡಿದುಕೊಂಡು ಬಂದಳು. ಡಿಗ್ರಿ ಎರಡನೇ ವರ್ಷ. ಕಾಲೇಜಿನಲ್ಲಿ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಪ್ರದರ್ಶನವಂತೆ. ಹದಿನೇಳು ಬಣ್ಣದ ಹದಿನೇಳು ಚೌಕ, ಪ್ರತಿಯೊಂದರ ಕೆಳಗೆ ನಮ್ಮ ಊರಿನ ಒಂದು ಉದಾಹರಣೆ ಬರೆಯಬೇಕು. ಹನ್ನೊಂದನೆಯದು ಸುಸ್ಥಿರ ನಗರಗಳ ಗುರಿ. ಅದರ ಕೆಳಗೆ 'ಮನೆ ಮನೆಯಿಂದ ಕಸ ಸಂಗ್ರಹ' ಅಂತ ಪೆನ್ಸಿಲಿನಲ್ಲಿ ಬರೆದಿದ್ದಳು. "ಸರಿ ಉಂಟಾ ಅಂಕಲ್?"

ಸರಿಯೇ ಉಂಟು. ಬೆಳಿಗ್ಗೆ ಗಾಡಿ ಬರ್ತದೆ, ನಾವು ಹಸಿಕಸ ಒಣಕಸ ಬೇರೆ ಬೇರೆ ಬಕೆಟಿನಲ್ಲಿ ಕೆಳಗಿಡ್ತೇವೆ, ಗಾಡಿ ಹೋಗ್ತದೆ, ನಮ್ಮ ಅಂಗಳ ಸ್ವಚ್ಛ. "ಆ ಗಾಡಿ ಎಲ್ಲಿಗೆ ಹೋಗ್ತದೆ, ಗೊತ್ತುಂಟಾ?" ಅಂತ ಕೇಳಿದೆ. "ಪಚ್ಚನಾಡಿಗೆ." "ಪಚ್ಚನಾಡಿಯ ಕೆಳಗೆ ಎಂತ ಉಂಟು?" ಅದು ಅವಳಿಗೆ ಗೊತ್ತಿರಲಿಲ್ಲ. 2019ರಲ್ಲಿ ಅವಳಿನ್ನೂ ಚಿಕ್ಕವಳು, ಅವಳ ತಪ್ಪಲ್ಲ. ಆದರೆ ಅವಳ ಕೈಯಲ್ಲಿದ್ದ ಚಾರ್ಟಿಗೂ ಅದು ಗೊತ್ತಿರಲಿಲ್ಲ ನೋಡಿ, ನನ್ನ ತಕರಾರು ಅದರ ಮೇಲೆ.

ಮಂಗಳೂರು ಅಂದರೇ ಗುಡ್ಡ ಮತ್ತು ಬೈಲು. ಮೇಲೆ ಮುರಕಲ್ಲಿನ ಪದವು, ಕೆಳಗೆ ತೆಂಗು ಅಡಿಕೆಯ ತೋಟ, ನಡುವೆ ಒಂದು ತೋಡು. ಊರ ಕಸ ಸುರಿಯುವ ಯಾರ್ಡ್ ಇರುವುದು ಮೇಲೆ, ಮಂದಾರ ಇರುವುದು ಕೆಳಗೆ. 2019ರ ಆಗಸ್ಟ್ ಮಳೆಗೆ ವರ್ಷಗಟ್ಟಲೆ ಪೇರಿಸಿಟ್ಟ ಕಸದ ಗುಡ್ಡ ಜಾರಿತು. ಒಮ್ಮೆಗೇ ಕುಸಿದು ಬಿದ್ದದ್ದೂ ಅಲ್ಲ. ದಿನಗಟ್ಟಲೆ ಮೆಲ್ಲ ಮೆಲ್ಲ ಮಂದಾರದ ಕಡೆಗೆ ಇಳಿಯುತ್ತಲೇ ಇತ್ತು. ತೋಟ ಮುಚ್ಚಿತು, ಮನೆಗಳ ಹತ್ತಿರ ಬಂತು, ಮನೆಗಳನ್ನೂ ಹಿಡಿಯಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಬಿಟ್ಟು ಹೋಗಬೇಕಾಯಿತು; ಕುಲಶೇಖರದ ಬೈತುರ್ಲಿಯ ಫ್ಲಾಟುಗಳಲ್ಲಿ ಅವರಿಗೆ ತಾತ್ಕಾಲಿಕ ವಾಸದ ವ್ಯವಸ್ಥೆಯಾಯಿತು. ಅಡಿಕೆ ತೋಟ, ಹಟ್ಟಿ, ಬಾವಿಕಟ್ಟೆ ಇದ್ದವರು ಫ್ಲಾಟಿಗೆ ಹೋದರೆ ಎಂತ ಮಾಡುವುದು ಹೇಳಿ? ಬಾಲ್ಕನಿಯಲ್ಲಿ ನಿಂತು ರಸ್ತೆ ನೋಡುವುದು.

ಆ ಕಸವೆಲ್ಲ ನಮ್ಮದು. ಮೀನಿನ ಮುಳ್ಳು, ಹಾಲಿನ ಪ್ಯಾಕೆಟು, ಮದುವೆ ಹಾಲಿನ ಲೋಟ, ಆಸ್ಪತ್ರೆಗಳ ಊರು ಎಂದು ನಾವು ಹೆಮ್ಮೆಪಡುವ ಊರಿನ ಎಲ್ಲ ಬಗೆಯ ಕಸ. ಗುಡ್ಡದಿಂದ ಬಸಿದ ಕೊಳಕು ನೀರು ತೋಡು ಹಿಡಿದು ಫಲ್ಗುಣಿ ನದಿ ಸೇರುವುದು, ಅಲ್ಲಿಂದ ಮರವೂರು ಕಿಂಡಿ ಅಣೆಕಟ್ಟಿನ ನೀರಿಗೆ ಬರುವುದು, ಇದೆಲ್ಲ ಹೈಕೋರ್ಟಿನವರೆಗೂ ಹೋಯಿತು. 2023ರ ಜನವರಿಯಲ್ಲಿ ಅದೇ ಯಾರ್ಡಿಗೆ ಬೆಂಕಿ ಬಿದ್ದು ಸುತ್ತಲಿನವರು ಹೊಗೆ ಕುಡಿದರು. ಮಳೆಗಾಲದಲ್ಲಿ ಹರಿಯುತ್ತದೆ, ಬೇಸಗೆಯಲ್ಲಿ ಉರಿಯುತ್ತದೆ. ಹಳೇ ಕಸ ಕರಗಿಸುವ ಕೆಲಸ ಆಮೇಲೆ ಕೈಗೆತ್ತಿಕೊಂಡರು, ಅದನ್ನೂ ಹೇಳಬೇಕು.

ಈಗ ಇದನ್ನು ಆ ಹನ್ನೊಂದನೇ ಚೌಕದ ಪಕ್ಕದಲ್ಲಿಟ್ಟು ನೋಡಿ. 2030ರ ಒಳಗೆ ನಗರಗಳು ಪರಿಸರಕ್ಕೆ ಮಾಡುವ ಹಾನಿಯನ್ನು ತಲಾ ಲೆಕ್ಕದಲ್ಲಿ ಇಳಿಸಬೇಕು, ಗಾಳಿ ಮತ್ತು ಕಸದ ಕಡೆ ವಿಶೇಷ ಗಮನ ಕೊಡಬೇಕು ಎನ್ನುತ್ತದೆ ಅಲ್ಲಿನ ಒಂದು ಉಪಗುರಿ. ಒಳ್ಳೆಯದೇ. ಗುರಿ ಮುಟ್ಟಿತೋ ಇಲ್ಲವೋ ನೋಡಲು ಒಂದು ಸೂಚಕ, ಅಂದರೆ ಅಳತೆಗೋಲು, ಬೇಕಲ್ಲ? ವಿಶ್ವಸಂಸ್ಥೆ ಇಟ್ಟ ಅಳತೆಗೋಲಿನಲ್ಲಿ ಎರಡು ಮಾತಿತ್ತು: ಕಸ ನಿಯಮಿತವಾಗಿ ಸಂಗ್ರಹವಾಗಬೇಕು, ಕೊನೆಗೆ ಸರಿಯಾದ ಕಡೆ ಸರಿಯಾಗಿ ವಿಲೇವಾರಿಯೂ ಆಗಬೇಕು. ಈ ಗೋಲು ದಿಲ್ಲಿಗೆ ಬರುವಷ್ಟರಲ್ಲಿ ತುಂಡಾಯಿತು. ನೀತಿ ಆಯೋಗ 2018ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಅಂಕ ಕೊಡುವ ಮೊದಲ ಸೂಚ್ಯಂಕ ತಂದಾಗ ಕಸದ ವಿಷಯದಲ್ಲಿ ಎಣಿಸಿದ್ದು ಎರಡನ್ನು. ಒಂದು, ನೂರಕ್ಕೆ ನೂರು ಮನೆಗಳಿಂದ ಕಸ ಎತ್ತುವ ವಾರ್ಡುಗಳೆಷ್ಟು? ಎರಡು, ಸಂಸ್ಕರಣೆಯಾದ ಕಸ ಶೇಕಡಾ ಎಷ್ಟು? ಸಂಸ್ಕರಣೆಯಾಗದೆ ಉಳಿದದ್ದು ಯಾರ ತಲೆಯ ಮೇಲೆ ನಿಂತಿದೆ ಎನ್ನುವ ಕಾಲಮ್ಮೇ ಇಲ್ಲ. ಹಿಂದಿನ ಹತ್ತಿಪ್ಪತ್ತು ವರ್ಷ ಗುಡ್ಡವಾಗಿ ಕೂತ ಕಸ ಈ ವರ್ಷದ ಶೇಕಡಾವಾರಿನಲ್ಲಿ ಕಾಣುವುದೂ ಇಲ್ಲ.

ಹಾಗಾಗಿ ಎಂತ ಆಗ್ತದೆ ಅಂದ್ರೆ, ನಮ್ಮ ವಾರ್ಡಿಗೆ ಗಾಡಿ ಚೆನ್ನಾಗಿ ಬಂದಷ್ಟೂ ಅಂಕ ಏರುತ್ತದೆ, ಪಚ್ಚನಾಡಿಯ ಗುಡ್ಡವೂ ಏರುತ್ತದೆ. ಎರಡೂ ಒಂದೇ ಗಾಡಿಯ ಕೆಲಸ. ಅಂಕ ನಮಗೆ, ಗುಡ್ಡ ಮಂದಾರದವರಿಗೆ.

ಇದು ಬರೀ ನಮ್ಮ ದೇಶದ ಕಳ್ಳಾಟ ಅಂತ ಹೇಳಿ ಕೈತೊಳೆಯಲು ನಾನು ತಯಾರಿಲ್ಲ. ಗುರಿಗಳನ್ನು ಮಾಡಿದ ರೀತಿಯಲ್ಲೇ ಇದರ ಬೇರು ಉಂಟು. 2000ದ ನಂತರ ಬಂದ ಸಹಸ್ರಮಾನದ ಗುರಿಗಳು ಎಂಟೇ ಇದ್ದವು, ಅವನ್ನು ಬರೆದವರೂ ಬೆರಳೆಣಿಕೆಯ ಜನ. ಆಗ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದ ಮಾರ್ಕ್ ಮಲಕ್ ಬ್ರೌನ್ ಒಂದು ಸಂದರ್ಶನದಲ್ಲಿ ತಾವೇ ಹೇಳಿಕೊಂಡಿದ್ದಾರೆ: ಪಟ್ಟಿ ಅಚ್ಚಿಗೆ ಹೋದ ಮೇಲೆ ಕಾರಿಡಾರಿನಲ್ಲಿ ಪರಿಸರ ಕಾರ್ಯಕ್ರಮದ ಮುಖ್ಯಸ್ಥರು ಎದುರು ಸಿಕ್ಕರಂತೆ, ಅಯ್ಯೋ ಪರಿಸರವನ್ನೇ ಮರೆತೆವಲ್ಲ ಅಂತ ಆಗ ನೆನಪಾಗಿ ಓಡಿಹೋಗಿ ಸೇರಿಸಿದರಂತೆ. ಪರಿಸರದ ಅದೃಷ್ಟ, ಅವತ್ತು ಆ ಅಧಿಕಾರಿ ರಜೆ ಹಾಕಿರಲಿಲ್ಲ!

ಎರಡನೇ ಸಲ ಹಾಗಾಗಬಾರದೆಂದು ಬಹಳ ಜನರನ್ನು ಕೇಳಿದರು. 2012ರಲ್ಲಿ ರಿಯೋ ಡಿ ಜನೈರೋದ ಸಮ್ಮೇಳನ ಹೊಸ ಗುರಿಗಳನ್ನು ಮಾಡಲು ಒಪ್ಪಿತು. ಮೂವತ್ತು ಕುರ್ಚಿಗಳ ಒಂದು ಕಾರ್ಯತಂಡ. ಎಪ್ಪತ್ತು ದೇಶಗಳು ಆ ಕುರ್ಚಿಗಳನ್ನು ಹಂಚಿಕೊಂಡು ಕೂತವು. ಭಾರತ ಹಂಚಿಕೊಂಡದ್ದು ಪಾಕಿಸ್ತಾನ ಮತ್ತು ಶ್ರೀಲಂಕಾದ ಜೊತೆ, ನಂಬಿ ಮಾರಾಯ್ರೆ. ಕೊನೆಗೆ 2015ರ ಸೆಪ್ಟೆಂಬರ್ 25ರಂದು 193 ದೇಶಗಳು ಒಪ್ಪಿದ್ದು 17 ಗುರಿ, 169 ಉಪಗುರಿ. ಇದು ಮೋಶೆಯ ಹತ್ತು ಕಟ್ಟಳೆಯಲ್ಲ, 169 ಕಟ್ಟಳೆ ಅಂತ ಲಂಡನ್ನಿನ 'ಇಕನಾಮಿಸ್ಟ್' ಗೇಲಿ ಮಾಡಿತು. ಪಟ್ಟಿ ಉದ್ದವಾಯಿತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮದುವೆ ಸಾಮಾನಿನ ಚೀಟಿಯೂ ಉದ್ದವೇ ಇರುತ್ತದೆ, ಮನೆಯಲ್ಲಿ ಹತ್ತು ಜನರನ್ನು ಕೇಳಿ ಬರೆದರೆ ಹಾಗೇ ಆಗುವುದು.

ತೊಂದರೆ ಬೇರೆ ಕಡೆ ಉಂಟು. ಗುರಿಯ ಮಾತುಗಳನ್ನು ಹಗ್ಗಜಗ್ಗಾಡಿ ಬರೆದವರು ರಾಜತಾಂತ್ರಿಕರು. ಅಳತೆಗೋಲುಗಳನ್ನು ಮಾಡಿದ್ದು ಸಂಖ್ಯಾಶಾಸ್ತ್ರಜ್ಞರು, ಅದಕ್ಕೆ ಮಹಾಸಭೆಯ ಮುದ್ರೆ ಬಿದ್ದದ್ದು 2017ರ ಜುಲೈಯಲ್ಲಿ. ಮೊದಲನೆಯದಕ್ಕೆ ಲೋಕವೇ ಚಪ್ಪಾಳೆ ತಟ್ಟಿತು. ಎರಡನೆಯದರ ಹೊತ್ತಿಗೆ ಕ್ಯಾಮೆರಾದವರೆಲ್ಲ ಮನೆಗೆ ಹೋಗಿದ್ದರು. ಆದರೆ ಕಚೇರಿಯಲ್ಲಿ ಕೂತ ಗುಮಾಸ್ತನ ಟೇಬಲ್ಲಿಗೆ ಬರುವುದು ಎರಡನೆಯದೇ. ಅವನಿಗೆ ಗುರಿ ಬರುವುದಿಲ್ಲ, ತುಂಬಿಸಬೇಕಾದ ಕಾಲಮ್ ಬರುತ್ತದೆ.

ನೀರಿಗೂ ಇದೇ ಕತೆ. ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. 2019ರ ಬೇಸಗೆಯಲ್ಲಿ ತುಂಬೆಯ ನೀರು ತಳ ಹಿಡಿದು ನಗರಕ್ಕೆ ರೇಷನ್ ಆಯಿತು. ಅದೇ ವರ್ಷದ ಆಗಸ್ಟಿನಲ್ಲಿ ಮಂದಾರ. ಮೂರು ತಿಂಗಳ ಅಂತರ! ನಳ್ಳಿ ಇರುವ ಮನೆಗಳನ್ನು ಎಣಿಸಿದರೆ ಅಂಕ ಸಿಕ್ಕೀತು, ನಳ್ಳಿಯಲ್ಲಿ ಎಷ್ಟು ದಿನ ನೀರು ಬಂತು ಎಂದು ಕೇಳಿದರೆ ಆ ಅಂಕ ನಿಲ್ಲುವುದಿಲ್ಲ.

ಎತ್ತಿನಹೊಳೆಯ ಮಾತು ಎತ್ತಿದರೆ ಈ ಅಂಕಣ ಮುಗಿಯುವುದಿಲ್ಲ, ಹಾಗಾಗಿ ಎರಡೇ ವಾಕ್ಯ. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ಆರನೇ ಗುರಿ, ನೇತ್ರಾವತಿಯ ತಲೆಯಲ್ಲಿರುವ ಕಾಡು ಹದಿನೈದನೇ ಗುರಿ. 24 ಟಿಎಂಸಿ ನೀರು ಒಂದರಿಂದ ತೆಗೆದು ಇನ್ನೊಂದಕ್ಕೆ ಕೊಡುವಾಗ ಯಾವುದು ಮುಂದು ಎಂದು ಕೇಳಿದರೆ, ಹದಿನೇಳೂ ಒಂದರಿಂದೊಂದು ಬೇರ್ಪಡಿಸಲಾಗದವು ಎನ್ನುತ್ತದೆ ದಸ್ತಾವೇಜು. ಪಂಚಾಯಿತಿ ಕಟ್ಟೆಯಲ್ಲಿ ಕೂತವರು 'ನೀವೂ ಸರಿ, ಇವರೂ ಸರಿ' ಅಂದ ಹಾಗೆ.

ಈಗ್ಯಾಕೆ ಇದೆಲ್ಲ ಅಂತ ಕೇಳಬಹುದು. 2024ರ ವಿಶ್ವಸಂಸ್ಥೆಯ ವರದಿಯೇ ಹೇಳಿದ ಪ್ರಕಾರ, ಅಳೆಯಲು ಸಾಧ್ಯವಾದ ಉಪಗುರಿಗಳಲ್ಲಿ ಸರಿದಾರಿಯಲ್ಲಿ ಇದ್ದದ್ದು ಶೇಕಡಾ 17 ಮಾತ್ರ; ಮೂರನೇ ಒಂದಕ್ಕಿಂತ ಹೆಚ್ಚು ನಿಂತಲ್ಲೇ ನಿಂತಿದ್ದವು ಅಥವಾ ಹಿಂದೆ ಹೋಗಿದ್ದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ದೇಶಗಳು 2030ರ ಆಚೆಗೆ ಏನು ಎನ್ನುವ ಪ್ರಶ್ನೆಯನ್ನು 2027ರ ಸೆಪ್ಟೆಂಬರಿನ ಸಭೆಗೆ ಕೊಟ್ಟಿವೆ. ಮುಂದಿನ ಪಟ್ಟಿಯ ಮಾತುಕತೆ ಅಲ್ಲಿ ಶುರುವಾಗಲಿದೆ. ಗುರಿಗಳು ಹದಿನೇಳಿರಬೇಕೋ ಏಳಿರಬೇಕೋ, ಕೃತಕ ಬುದ್ಧಿಮತ್ತೆಗೆ ಬೇರೆ ಚೌಕ ಬೇಕೋ ಬೇಡವೋ ಎಂದು ಅಲ್ಲಿ ಜಗಳವಾದೀತು. ಮಂಗಳೂರಿನಿಂದ ನೋಡುವವನಿಗೆ ಅದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಎಲ್ಲಿ ನಿಂತು ಎಣಿಸುತ್ತೀರಿ ಎನ್ನುವುದು ದೊಡ್ಡದು. ಕಸ ಎತ್ತುವ ಗೇಟಿನ ಹತ್ತಿರವಾ, ಬೀಳುವ ಬೈಲಿನ ಹತ್ತಿರವಾ?

ನ್ಯೂಯಾರ್ಕಿನಲ್ಲಿ ಕೂತವರು ಮಂದಾರದ ಹೆಸರು ಹಾಕಲು ಆಗ್ತದಾ, ಲೋಕದ ಲೆಕ್ಕ ಅಂದ ಮೇಲೆ ಸರಾಸರಿಯೇ ಗತಿ ಅಂತ ನನ್ನ ಗೆಳೆಯರೊಬ್ಬರು ವಾದಿಸಿದರು. ಅರ್ಧ ನಿಜ. ಆದರೆ ಯಾರನ್ನೂ ಹಿಂದೆ ಬಿಡುವುದಿಲ್ಲ ಅಂತ ಮಾತು ಕೊಟ್ಟದ್ದು ಅವರೇ ಅಲ್ವಾ? ಅಂಕಿಅಂಶವನ್ನು ಆದಾಯ, ಲಿಂಗ, ವಯಸ್ಸು, ಊರು ಎಂದು ಬಿಡಿಸಿ ಕೊಡುವ ವ್ಯವಸ್ಥೆ 2020ರೊಳಗೆ ಆಗಬೇಕು ಅಂತ ಹದಿನೇಳನೇ ಗುರಿಯಲ್ಲಿ ಬರೆದದ್ದೂ ಅವರೇ. ಬಿಡಿಸಿದರೂ ಸಾಲದು ಎನ್ನುವುದು ನನ್ನ ಮಾತು. ಒಂದು ಕಡೆಯ ಸಾಧನೆ ಇನ್ನೊಂದು ಕಡೆಯ ನಷ್ಟಕ್ಕೆ ನೇರ ಕಾರಣವಾಗಿರುವಾಗ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಬೇಕು. ಇಷ್ಟು ಟನ್ ಎತ್ತಿದೆವು, ಇಲ್ಲಿ ಇಳಿಸಿದೆವು, ಅದರ ಕೆಳಗೆ ಇಷ್ಟು ಮನೆ, ಇಷ್ಟು ಬಾವಿ. ಬಾವಿಯ ನೀರು ಹೀಗಿದೆ. ಕೊನೆಗೆ ಆ ಮನೆಯವರ ಸಹಿ. ಇದಕ್ಕೆ ಉಪಗ್ರಹ ಬೇಡ, ಒಬ್ಬ ಪಂಚಾಯತ್ ಸಿಬ್ಬಂದಿ ಮತ್ತು ಒಂದು ಬಾಟಲಿ ಸಾಕು.

ಗುರಿ ಹೇಗೆ ಇಡುವುದೆಂದು ಈ ಊರಿಗೆ ಹೊಸದಾಗಿ ಕಲಿಯಬೇಕಾದ್ದೂ ಇಲ್ಲ. ನಮ್ಮ ಪುರಭವನಕ್ಕೆ ಹೆಸರಿಟ್ಟಿರುವುದು ಕುದ್ಮುಲ್ ರಂಗರಾಯರದ್ದು. ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಸ್ವಂತ ಜಾತಿಯವರಿಂದ ಬಹಿಷ್ಕಾರ ಉಂಡವರು. ಅವರ ಒಂದು ಆಸೆ ಈ ಕಡೆ ಎಲ್ಲರಿಗೂ ಗೊತ್ತು. ತನ್ನ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೇರಿ ಇದೇ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅಂತ. ಶಾಲೆ ಎಷ್ಟು ಕಟ್ಟಿದೆವು, ಹಾಜರಿ ಶೇಕಡಾ ಎಷ್ಟು ಅಂತ ಅವರೂ ಎಣಿಸಿರಬಹುದು. ಆದರೆ ಗುರಿ ಅಂತ ಹೇಳಿದ್ದು ಮಗು ಮುಟ್ಟಿದ ಜಾಗವನ್ನು. ನೋಡಲು ತಾನು ನಿಲ್ಲುವುದು ರಸ್ತೆ ಬದಿಯಲ್ಲಿ, ಧೂಳು ಬೀಳುವ ಕಡೆ.

ಹುಡುಗಿ ಚೌಕದ ಬರಹ ಅಳಿಸಿ 'ಮಂದಾರ, 2019' ಅಂತ ಬರೆದುಕೊಂಡು ಹೋದಳು. ಹಳೇ ಪತ್ರಿಕೆಯ ಚಿತ್ರವೊಂದನ್ನೂ ಅಂಟಿಸಿದಳು. ಎರಡು ದಿನ ಬಿಟ್ಟು ಮೆಟ್ಟಿಲಲ್ಲಿ ಸಿಕ್ಕಿದಾಗ ಮುಖ ಸಣ್ಣ ಮಾಡಿ, "ಅಂಕಲ್, ಉದಾಹರಣೆ ಅಂದ್ರೆ ಸಾಧನೆ ಹಾಕ್ಬೇಕು ಅಂತ ಹೇಳಿದ್ರು. ಮತ್ತೆ ಇದು ಹನ್ನೊಂದಾ, ಹನ್ನೆರಡಾ, ನೀರು ಹಾಳಾದ್ದಕ್ಕೆ ಆರಾ ಅಂತಲೂ ಕೇಳಿದ್ರು. ಎಂತ ಹೇಳುದು?" ಅಂದಳು.

ಚಿತ್ರ ತೆಗೆಯಬೇಡ, ಮೂರೂ ಚೌಕಕ್ಕೆ ಬಾಣ ಹಾಕು ಅಂತ ಹೇಳಿದ್ದೇನೆ.