ಮರಳ ಮೇಲೆ ಬಿದ್ದ ನೇರಳೆ ನೆರಳು

ಸ್ಪೇನಿನ ವಲೆನ್ಸಿಯಾದ ಚಿತ್ರಕಾರರ ಬೆಳಕಿನ ಪಂಥವನ್ನು ಮೆಚ್ಚುವವರೂ ಜರೆಯುವವರೂ ಮಾತಾಡುವುದು ಅದರ ಬಿಸಿಲಿನ ಬಗ್ಗೆಯೇ. ಆ ಪಂಥದ ಹೊವಾಕಿನ್ ಸೊರೋಯಾನ (1863–1923) ಕಡಲತೀರಗಳಲ್ಲಿ ಬಿಳುಪು ಕಣ್ಣು ಕುಕ್ಕುತ್ತದೆ, ನಿಜ. ಆ ಬಿಳುಪನ್ನು ನಾವು ನಂಬುವುದಾದರೂ ಪಕ್ಕದಲ್ಲಿರುವ ನೆರಳಿನ ದೆಸೆಯಿಂದ. ಈ ಪಂಥದ ಸತ್ವವನ್ನು ನೆರಳು ಮರಳಿಗೆ ತಾಗುವ ಜಾಗದಲ್ಲಿ ಪರೀಕ್ಷಿಸಬೇಕೆಂಬುದು ನನ್ನ ವಾದ.

ಕಾವಿಗೆ ಬಿಳಿ ಬೆರೆಸಿ ಬಳಿದರೆ ಮರಳಾಗುವುದಿಲ್ಲ, ಸುಣ್ಣ ಮಾಸಿದ ಗೋಡೆಯಾಗುತ್ತದೆ. ಒಣ ಮರಳು ತನ್ನ ಮೇಲೆ ಬಿದ್ದ ಬೆಳಕನ್ನು ನಾನಾ ದಿಕ್ಕಿಗೆ ಚೆಲ್ಲುತ್ತದೆ. ಕಣಗಳ ಸಂದಿಯಲ್ಲಿ ನೀರು ತುಂಬಿದಾಗ ಬೆಳಕು ಇನ್ನಷ್ಟು ಒಳಗಿಳಿದು ಅಲ್ಲೇ ಇಂಗುತ್ತದೆ; ಒದ್ದೆ ಮರಳು ಕಪ್ಪಾಗಿ ಕಾಣುವುದು ಅದಕ್ಕೆ. ಅಲೆ ಆಗಷ್ಟೇ ಸರಿದ ಜಾಗದಲ್ಲಿ ನೀರಿನ ತೆಳು ಪೊರೆ ಉಳಿದು ಆಕಾಶ ಪ್ರತಿಫಲಿಸುತ್ತದೆ. ಒಂದೇ ತೀರದಲ್ಲಿ ಹೀಗೆ ಮೂರು ಬಗೆಯ ನೆಲ. ಒಣ ಮರಳಿನ ನೆರಳಿಗೆ ಸೂರ್ಯ ಮರೆಯಾದರೂ ಆಕಾಶ ಮರೆಯಾಗಿರುವುದಿಲ್ಲ, ಹಾಗಾಗಿ ಅದಕ್ಕೆ ನೀಲಿ, ನೇರಳೆ ಛಾಯೆ. ಅದೇ ಹೊತ್ತಿಗೆ ಬಿಸಿಲು ಬಿದ್ದ ಮರಳಿನಿಂದ ಪುಟಿದ ಬೆಳಕು ಗದ್ದದ ಅಡಿಯನ್ನೂ ತೋಳಿನ ಒಳಮೈಯನ್ನೂ ಕಿತ್ತಳೆಗೆ ತಿರುಗಿಸುತ್ತದೆ. ನೆರಳಿಗೆ ಕಪ್ಪು ಬೆರೆಸುವ ಚಿತ್ರಕಾರ ಇದನ್ನೆಲ್ಲ ಒಂದೇ ಏಟಿಗೆ ಕಳೆದುಕೊಳ್ಳುತ್ತಾನೆ.

ಪ್ರಾಡೊ ಸಂಗ್ರಹಾಲಯದಲ್ಲಿರುವ ಸೊರೋಯಾನ 'ಕಡಲತೀರದ ಹುಡುಗರು' ಚಿತ್ರದಲ್ಲಿ ಈ ಜ್ಞಾನವೆಲ್ಲ ಒಟ್ಟಿಗೆ ದುಡಿದಿದೆ. ಮೂವರು ಬೆತ್ತಲೆ ಹುಡುಗರು ನೀರಿನಂಚಿನಲ್ಲಿ ಬೋರಲು ಮಲಗಿದ್ದಾರೆ. ದಿಗಂತವಿಲ್ಲ, ಆಕಾಶವಿಲ್ಲ. ಆದರೂ ಒದ್ದೆ ಬೆನ್ನುಗಳ ಮೇಲಿನ ಹೊಳಪಿನಿಂದ ಸೂರ್ಯ ಎಲ್ಲಿದ್ದಾನೆಂದು ತಿಳಿಯುತ್ತದೆ. ಮೈಯ ಅಡಿಯಲ್ಲಿ ನೆರಳೂ ಪ್ರತಿಬಿಂಬವೂ ಒಂದರೊಳಗೊಂದು ಕಲೆತಿವೆ. ನೆರಳು ಬೆಳಕು ಬರುವ ದಿಕ್ಕಿಗೆ ಬದ್ಧ, ಪ್ರತಿಬಿಂಬ ನೋಡುವವನ ಕಣ್ಣಿಗೆ ಬದ್ಧ. ಎರಡನ್ನೂ ಬೇರೆಬೇರೆಯಾಗಿ ಅರಿತವನು ಮಾತ್ರ ಅವನ್ನು ಹೀಗೆ ಬೆರೆಸಬಲ್ಲ.

ಈ ಅರಿವು ಬಯಲಲ್ಲೇ ದಕ್ಕಿದ್ದು. ಫ್ರೆಂಚ್ ಚಿತ್ರಕಾರ ಮೊನೆ 1870ರಲ್ಲಿ ಬರೆದ ತ್ರೂವಿಲ್ ಕಡಲತೀರದ ಚಿತ್ರವೊಂದರ ಬಣ್ಣದಲ್ಲಿ ಮರಳ ಕಣಗಳು ಇಂದಿಗೂ ಅಂಟಿಕೊಂಡಿವೆ. ಸೊರೋಯಾ ವಲೆನ್ಸಿಯಾದ ತೀರದಲ್ಲಿ ಗಾಳಿಗೆ ಬಟ್ಟೆಯ ತಡೆ ಕಟ್ಟಿಕೊಂಡು ದೊಡ್ಡ ಕ್ಯಾನ್ವಾಸುಗಳ ಮುಂದೆ ನಿಂತಿರುವ ಛಾಯಾಚಿತ್ರಗಳಿವೆ. ಎಳೆವಯಸ್ಸಿನಲ್ಲಿ ಅವನು ಆಂಟೋನಿಯೊ ಗಾರ್ಸಿಯಾನ ಫೋಟೊ ಸ್ಟುಡಿಯೊದಲ್ಲಿ ಕೆಲಸ ಮಾಡಿದ್ದ. ಮುಂದೆ ಆತನ ಮಗಳು ಕ್ಲೋಟಿಲ್ಡೆಯನ್ನೇ ಮದುವೆಯಾದ. 1909ರ 'ಕಡಲಂಚಿನ ನಡಿಗೆ'ಯಲ್ಲಿ ದಿಗಂತವನ್ನು ಚೌಕಟ್ಟಿನ ಆಚೆಗಿಟ್ಟ ಧೈರ್ಯಕ್ಕೆ ಕ್ಯಾಮೆರಾದ ಋಣವಿದೆ ಎನಿಸುತ್ತದೆ. ಅದರಲ್ಲಿ ಹೆಂಡತಿ, ಹಿರಿಮಗಳು ತೊಟ್ಟ ಬಿಳಿ ಉಡುಪಿನಲ್ಲಿ ಶುದ್ಧ ಬಿಳಿ ಕಡಿಮೆ. ನೀಲಿ, ನೇರಳೆ, ತಿಳಿಹಳದಿ ಸೇರಿ ಬಿಳುಪಾಗಿವೆ.

ಇಷ್ಟಾದರೂ ಆ ನಡಿಗೆಯ ಚಿತ್ರವನ್ನು ಅವನ ಶಿಖರವೆಂದು ಒಪ್ಪಲಾರೆ. 1894ರ 'ಮೀನುಗಾರಿಕೆ ಮುಗಿಸಿ ಮರಳುವಾಗ' ಚಿತ್ರದಲ್ಲಿ ಎತ್ತುಗಳು ದೋಣಿಯನ್ನು ನೀರಿನಿಂದ ಎಳೆಯುತ್ತಿವೆ, ಮೇಲೆ ಗಾಳಿ ತುಂಬಿದ ಹಾಯಿ. ಅಲ್ಲಿ ನೆರಳು ಎತ್ತುಗಳ ಭಾರವನ್ನು ಹೊತ್ತಿದೆ. ಪ್ಯಾರಿಸ್ಸಿನಲ್ಲಿ 1900ರಲ್ಲಿ ಬಹುಮಾನ ಪಡೆದ 'ದುಃಖದ ಬಳುವಳಿ'ಯಲ್ಲಿ ಊರುಗೋಲು ಹಿಡಿದ ರೋಗಿ ಬಾಲಕರು ಕ್ರೈಸ್ತ ಸನ್ಯಾಸಿಯೊಬ್ಬನ ಕಾವಲಿನಲ್ಲಿ ಸಮುದ್ರಸ್ನಾನಕ್ಕೆ ಇಳಿಯುತ್ತಾರೆ. ಅದೇ ಕಡಲು, ಆದರೆ ಬೆಳಕು ಯಾರನ್ನೂ ಸಂತೈಸುವುದಿಲ್ಲ. 1909ರಲ್ಲಿ ನ್ಯೂಯಾರ್ಕಿನ ಹಿಸ್ಪಾನಿಕ್ ಸೊಸೈಟಿಯಲ್ಲಿ ನಡೆದ ಅವನ ಪ್ರದರ್ಶನಕ್ಕೆ ಸುಮಾರು 1,60,000 ಜನ ಬಂದರು. ಅಷ್ಟು ಹೊತ್ತಿಗೆ ಅವನ ತೀರದಲ್ಲಿ ದುಡಿಯುವವರಿಗಿಂತ ವಿಹರಿಸುವವರೇ ಮುಂದೆ ಬಂದಿದ್ದರು. ಉನಾಮುನೊ ಮೊದಲಾದ ಲೇಖಕರು ಚಿತ್ರಕಾರ ಜುಲೊವಾಗಾನ ಕಪ್ಪು ಸ್ಪೇನನ್ನು ಎತ್ತಿಹಿಡಿದು ಸೊರೋಯಾನ ಈ ಬಿಳಿ ಸ್ಪೇನನ್ನು ಹಗುರವೆಂದಾಗ, ವಸ್ತುವಿನ ಮಟ್ಟಿಗೆ ಅವರ ಮಾತಿನಲ್ಲಿ ಹುರುಳಿತ್ತು. ನೋಟದ ಮಟ್ಟಿಗೆ ಅವರು ಅನ್ಯಾಯ ಮಾಡಿದರು. ನೆರಳನ್ನು ಇಷ್ಟು ಪ್ರಾಮಾಣಿಕವಾಗಿ ನೋಡಿದವನನ್ನು ಹಗುರ ಎನ್ನಲಾಗದು.

ಅನುಕರಿಸಿದವರಿಂದಲೇ ಪಂಥಕ್ಕೆ ಹೆಚ್ಚು ಕೆಡುಕಾಯಿತು. ದಪ್ಪ ಬಿಳಿ ಲೇಪವನ್ನೂ ಚುರುಕು ಕುಂಚವನ್ನೂ ಕಲಿತರು, ನೆರಳಿನ ಲೆಕ್ಕ ಕಲಿಯಲಿಲ್ಲ. ಅವರ ಮರಳ ಮೇಲೆ ಕೂತವರು ತೇಲಿದಂತೆ ಕಾಣುತ್ತಾರೆ. ಸೊರೋಯಾನಿಗಿಂತ ಹಿರಿಯನಾದ ಇಗ್ನಾಸಿಯೊ ಪಿನಾಸೊ (1849–1916) ಚಿಕ್ಕ ಹಲಗೆಗಳ ಮೇಲೆ ಮಂದ ಬೆಳಕಿನಲ್ಲಿ ಬರೆದ ಚಿತ್ರಗಳನ್ನು ಅವರು ಪಕ್ಕದಲ್ಲಿಟ್ಟುಕೊಂಡು ಅಭ್ಯಾಸ ಮಾಡಬೇಕಿತ್ತು. ಕಣ್ಣು ಕುಕ್ಕುವ ಬಿಳುಪಿನ ಹಂಗಿಲ್ಲದೆ ಬರೀ ಛಾಯೆಗಳ ಏರಿಳಿತದಲ್ಲೇ ನೆಲ, ನೀರು, ಮನುಷ್ಯರನ್ನು ನಿಲ್ಲಿಸುವ ಬಗೆ ಅವುಗಳಲ್ಲಿದೆ.