ದೂರು ಕೊಟ್ಟ ಮರುದಿನ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ತಾರತಮ್ಯವನ್ನು ತಡೆಯುವ ನಿಯಮಗಳೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಯಮಗಳಿವೆ, ಧಾರಾಳವಾಗಿಯೇ ಇವೆ. ಜಾತಿ, ಧರ್ಮ, ಭಾಷೆಗಳ ಹೆಸರಿನ ತಾರತಮ್ಯದ ವಿರುದ್ಧ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2012ರಲ್ಲಿ ಒಂದು ನಿಯಮಾವಳಿ ರೂಪಿಸಿತು. ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆಯಿದೆ, ಅದರ ಬೆನ್ನಿಗೆ ಯುಜಿಸಿಯ 2015ರ ನಿಯಮಾವಳಿಯಿದೆ. ವಿಕಲಚೇತನರ ಹಕ್ಕುಗಳಿಗೆ 2016ರ ಕಾಯ್ದೆಯಿದೆ.

ವಕೀಲರು ಇವುಗಳನ್ನು ಓದುವಾಗ ಯಾವುದು ನಿಷಿದ್ಧ, ಶಿಕ್ಷೆ ಎಷ್ಟು ಎಂದು ನೋಡುತ್ತಾರೆ. ಕಥೆ ಬರೆಯುವ ನಮಗೆ ಬೇರೊಂದು ಚಾಳಿ. ಇಲ್ಲಿ ಮಾತಾಡುವವರು ಯಾರು, ಕೇಳಿಸಿಕೊಳ್ಳುವವರು ಯಾರು, ಆಮೇಲೆ ಏನಾಯಿತು ಎಂಬುದರ ಕಡೆಗೇ ನಮ್ಮ ಕಣ್ಣು ಹೋಗುತ್ತದೆ. ಮೂರನ್ನೂ ಹಾಗೆ ಒಟ್ಟಿಗಿಟ್ಟು ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದೂರು ಕೊಡುವ ದಿನದ ಬಗ್ಗೆ ನಮ್ಮ ನಿಯಮಗಳಿಗೆ ಬಹಳ ಆಸಕ್ತಿಯಿದೆ. ದೂರು ಕೊಟ್ಟ ಮರುದಿನ ಆ ವಿದ್ಯಾರ್ಥಿ ಯಾವ ತರಗತಿಯಲ್ಲಿ, ಯಾರ ಮುಂದೆ ಕೂರಬೇಕು ಎಂಬ ಬಗ್ಗೆ ಆಸಕ್ತಿ ಕಡಿಮೆ.

ಮೊದಲು 2012ರ ನಿಯಮಾವಳಿಯನ್ನೇ ನೋಡೋಣ. ಅದನ್ನು ಬರೆದವರಿಗೆ ಕಾಲೇಜಿನ ಒಳಜಗತ್ತು ಚೆನ್ನಾಗಿ ಗೊತ್ತಿತ್ತು ಎಂಬುದನ್ನು ಒಪ್ಪಬೇಕು. ತರಗತಿಯಲ್ಲಿ ಜಾತಿಯ ಹೆಸರು ಹೇಳಿ ಗುರುತಿಸುವುದು, ಮೀಸಲಾತಿಯವರೆಂದು ಹಣೆಪಟ್ಟಿ ಹಚ್ಚುವುದು, ಹಾಸ್ಟೆಲಿನಲ್ಲಿ, ಊಟದ ಮನೆಯಲ್ಲಿ ಬೇರೆ ಕೂರಿಸುವುದು ಇವೆಲ್ಲವೂ ತಾರತಮ್ಯವೆಂದು ಅದು ಬಿಡಿಬಿಡಿಯಾಗಿ ಹೇಳುತ್ತದೆ. ಜಾತಿಯ ಜೊತೆಗೆ ಧರ್ಮ, ಭಾಷೆ, ಲಿಂಗ, ವೈಕಲ್ಯಗಳನ್ನೂ ಹೆಸರಿಸುತ್ತದೆ. ಅವಮಾನಕ್ಕೆ ಯಾವಾಗಲೂ ಬೈಗುಳವೇ ಬೇಕಿಲ್ಲ, ಒಂದು ಬೆಂಚು ಸಾಕು ಎಂಬ ತಿಳಿವಳಿಕೆ ಅದಕ್ಕಿದೆ.

ಆದರೆ ದೂರನ್ನು ಕೇಳುವವರು ಯಾರು ಎಂದು ನೋಡಿದರೆ ಈ ತಿಳಿವಳಿಕೆ ಮಾಯವಾಗುತ್ತದೆ. ಅದೇ ಸಂಸ್ಥೆಯ ಒಬ್ಬ ಪ್ರೊಫೆಸರ್ ದರ್ಜೆಯ ಅಧಿಕಾರಿ ವಿಚಾರಣೆ ನಡೆಸಬೇಕು. ಅರವತ್ತು ದಿನಗಳಲ್ಲಿ ತೀರ್ಮಾನವಾಗಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ಸಂಸ್ಥೆಯ ಮುಖ್ಯಸ್ಥರಿಗೆ ಮೇಲ್ಮನವಿ ಸಲ್ಲಿಸಬೇಕು. ಸಂಸ್ಥೆಯ ಮೇಲೆಯೇ ದೂರಿರುವಾಗ ಅದು ಸಂಸ್ಥೆಯೊಳಗೇ ಮೆಟ್ಟಿಲು ಹತ್ತಿ ಸಂಸ್ಥೆಯೊಳಗೇ ಇಳಿಯುತ್ತದೆ. ಹೊರಗಿನವರು ಒಬ್ಬರೂ ಇಲ್ಲ. ಸಂಶೋಧನಾ ವಿದ್ಯಾರ್ಥಿಗೆ ಮಾರ್ಗದರ್ಶಕರ ಸಹಿ ಬೇಕು, ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗೆ ಹಿರಿಯರ ಕೃಪೆ ಬೇಕು. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳಬಾರದು ಎಂದೇನೋ ನಿಯಮದಲ್ಲಿದೆ. ಆದರೆ ಆ ಅರವತ್ತು ದಿನ ಅವರನ್ನು ಕಾಯುವವರು ಯಾರು?

ಇದು ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಮುಂಬಯಿಯ ನಾಯರ್ ಆಸ್ಪತ್ರೆಗೆ ಸೇರಿದ ವೈದ್ಯಕೀಯ ಕಾಲೇಜಿನಲ್ಲಿ ಪ್ರಸೂತಿ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದ ಡಾ. ಪಾಯಲ್ ತಡವಿ 2019ರ ಮೇ 22ರಂದು ಸಾವಿಗೀಡಾದರು. ಜಳಗಾಂವ್ ಕಡೆಯ ತಡವಿ ಭಿಲ್ಲರ ಸಮುದಾಯದವರು ಅವರು, ಅಂದರೆ ಆದಿವಾಸಿಯೂ ಹೌದು, ಮುಸ್ಲಿಮರೂ ಹೌದು. ಹಿರಿಯ ವಿದ್ಯಾರ್ಥಿನಿಯರ ಜಾತಿ ನಿಂದನೆಯ ಬಗ್ಗೆ ಮೊದಲೇ ವಿಭಾಗದವರ ಗಮನಕ್ಕೆ ತಂದಿದ್ದೆವು ಎಂದು ಕುಟುಂಬದವರು ಹೇಳಿದರು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಆರೋಪಗಳ ಸತ್ಯಾಸತ್ಯ ತೀರ್ಮಾನವಾಗಬೇಕಾದದ್ದು ಅಲ್ಲಿಯೇ. ನಾವು ಕೇಳುವುದು ಇಷ್ಟೇ: ಆ ಸಾವಿನ ಹೊತ್ತಿಗೆ 2012ರ ನಿಯಮಾವಳಿಗೆ ಆರು ವರ್ಷ ತುಂಬಿತ್ತು. ಆ ಹುಡುಗಿಯ ವಾರ್ಡಿನವರೆಗೆ ಅದು ಯಾಕೆ ನಡೆದು ಬರಲಿಲ್ಲ?

ಅದಕ್ಕೂ ಮೂರು ವರ್ಷ ಮೊದಲು, 2016ರ ಜನವರಿ 17ರಂದು, ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಇದೇ ರೀತಿ ನಮ್ಮನ್ನು ಅಗಲಿದ್ದರು. ಅಲ್ಲಿ ಸಂಸ್ಥೆಯ ಶಿಸ್ತುಕ್ರಮದ ಯಂತ್ರ ಕೆಲಸ ಮಾಡಿತ್ತು, ಐವರು ವಿದ್ಯಾರ್ಥಿಗಳನ್ನು ಹಾಸ್ಟೆಲಿನಿಂದ ಹೊರಹಾಕುವಷ್ಟು ಚುರುಕಾಗಿಯೇ ಮಾಡಿತ್ತು. ವಿದ್ಯಾರ್ಥಿಯ ಮೇಲೆ ಕ್ರಮ ಜರುಗಿಸುವಾಗ ಇರುವ ಈ ಚುರುಕು ವಿದ್ಯಾರ್ಥಿಯ ದೂರು ಕೇಳುವಾಗ ಎಲ್ಲಿ ಹೋಗುತ್ತದೆ?

ರಾಧಿಕಾ ವೇಮುಲ ಮತ್ತು ಆಬೇದಾ ತಡವಿ ಎಂಬ ಈ ಇಬ್ಬರು ತಾಯಂದಿರು 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಒತ್ತಾಯದ ಫಲವಾಗಿ 2026ರ ಜನವರಿ 13ರಂದು ಯುಜಿಸಿ ಹೊಸ ನಿಯಮಾವಳಿ ಪ್ರಕಟಿಸಿತು. ಒಬ್ಬ ಅಧಿಕಾರಿಯ ಬದಲು ಸಮಿತಿ, ಹಗಲಿರುಳು ಸಹಾಯವಾಣಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಸಭೆ ಎಂದೆಲ್ಲ ಅದರಲ್ಲಿತ್ತು. ಆದರೆ ಸಮಿತಿಯ ಅಧ್ಯಕ್ಷರು ಮತ್ತೆ ಸಂಸ್ಥೆಯ ಮುಖ್ಯಸ್ಥರೇ. ಅದರ ಗುಣದೋಷ ಚರ್ಚೆಯಾಗುವ ಮೊದಲೇ ಬೀದಿಯಲ್ಲಿ ಗಲಾಟೆ ಎದ್ದಿತು. ಜನವರಿ 29ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿ, 2012ರ ನಿಯಮವೇ ಮುಂದುವರಿಯಲಿ ಎಂದಿತು. ಆ ಹದಿನಾರು ದಿನಗಳಲ್ಲಿ ಎಲ್ಲೆಡೆ ಕೇಳಿಬಂದದ್ದು ಒಂದೇ ಪ್ರಶ್ನೆ: ದುರುಪಯೋಗವಾದರೆ ಏನು ಗತಿ? ಉಪಯೋಗವೇ ಆಗದೆ ಹದಿಮೂರು ವರ್ಷ ಕಳೆದದ್ದರ ಬಗ್ಗೆ ಕೇಳಿದವರು ಕಡಿಮೆ.

ದುರುಪಯೋಗದ ಭಯ ಎಷ್ಟು ದೊಡ್ಡದು ಎಂಬುದಕ್ಕೆ ಯುಜಿಸಿಯ ಅಂಕಿಗಳೇ ಇವೆ. ಜಾತಿ ತಾರತಮ್ಯದ ದೂರುಗಳು 2019-20ರಲ್ಲಿ 173 ಇದ್ದವು, 2023-24ರಲ್ಲಿ 378 ಆದವು. ದುಪ್ಪಟ್ಟಾದವು ಎಂದು ಪತ್ರಿಕೆಗಳು ಬರೆದವು. ಅದು ನಿಜ. ಆದರೆ ಈ ದೇಶದಲ್ಲಿ ಉನ್ನತ ಶಿಕ್ಷಣ ಪಡೆಯುವವರು ನಾಲ್ಕು ಕೋಟಿಗೂ ಹೆಚ್ಚು. ಇಷ್ಟು ಜನರ ನಡುವೆ ವರ್ಷಕ್ಕೆ 378 ದೂರು ಎಂದರೆ ತಾರತಮ್ಯ ಅಷ್ಟು ಕಡಿಮೆ ಎಂದು ನಂಬಬೇಕೇ, ಅಥವಾ ಬಾಯಿ ಬಿಟ್ಟವರು ಅಷ್ಟು ಕಡಿಮೆ ಎಂದು ತಿಳಿಯಬೇಕೇ? ಇನ್ನು ಈ ಲೆಕ್ಕವಿರುವುದು ಜಾತಿಗೆ. ಧರ್ಮದ ಹೆಸರಿನಲ್ಲಿ ನೊಂದವರನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು?

ಎರಡನೆಯ ನಿಯಮಾವಳಿಯ ಕಥೆ ಬೇರೆ. ಲೈಂಗಿಕ ಕಿರುಕುಳದ ವಿರುದ್ಧದ ದಾರಿಯನ್ನು ಹೆಣ್ಣುಮಕ್ಕಳು ಹೋರಾಡಿ ಕಟ್ಟಿದರು. 1997ರ ವಿಶಾಖಾ ತೀರ್ಪಿನ ನಂತರ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ 1999ರಲ್ಲಿ ಒಂದು ಸಮಿತಿ ರಚಿಸಿತು. ವಿದ್ಯಾರ್ಥಿ ಪ್ರತಿನಿಧಿಗಳು ಚುನಾಯಿತರಾಗಿ ಅದರೊಳಗೆ ಬರುತ್ತಿದ್ದರು. 2017ರಲ್ಲಿ ಅದನ್ನು ರದ್ದು ಮಾಡಿ ಆಂತರಿಕ ದೂರು ಸಮಿತಿ ತಂದದ್ದು ದುಃಖದ ವಿಷಯ. ಆದರೂ ಯುಜಿಸಿಯ 2015ರ ನಿಯಮದಲ್ಲಿ ಆ ಹೋರಾಟದ ಗುರುತು ಉಳಿದಿದೆ. ಸಮಿತಿಯಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಒಬ್ಬರಿರಬೇಕು, ಕುಲಪತಿ, ಕುಲಸಚಿವ, ವಿಭಾಗದ ಮುಖ್ಯಸ್ಥರಂಥ ಅಧಿಕಾರಸ್ಥರು ಸದಸ್ಯರಾಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ವಿಚಾರಣೆ ಮುಗಿಯುವ ಮೊದಲೇ ಆರೋಪಿಯು ದೂರುದಾರಳ ಉತ್ತರ ಪತ್ರಿಕೆ ತಿದ್ದದಂತೆ, ಅವಳ ಕೆಲಸಕ್ಕೆ ಅಂಕ ಕೊಡದಂತೆ ತಡೆಯಬಹುದು. ಮರುದಿನದ ಬಗ್ಗೆ ಯೋಚಿಸಿದ ಸಾಲು ಇದು.

ಇದರಲ್ಲಿಯೂ ಕೊರತೆಗಳಿವೆ. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು, ಹೆಚ್ಚೆಂದರೆ ಇನ್ನು ಮೂರು ತಿಂಗಳ ವಿನಾಯಿತಿ. ಪದವಿ ಕೈಗೆ ಬರುವ ತನಕ ಬಾಯಿ ಬಿಡಲಾಗದ ಹುಡುಗಿಗೆ ಇದು ಏನೂ ಸಾಲದು. ಸುಳ್ಳು ದೂರಿಗೆ ಶಿಕ್ಷೆ ಎಂಬ ಎಚ್ಚರಿಕೆಯೂ ಅಲ್ಲಿಯೇ ಇದೆ, ಅದನ್ನು ಮೊದಲು ಓದುವವಳು ನಿಜವಾಗಿ ನೊಂದವಳೇ. ಆದರೂ ಕೇಳಬೇಕಾಗುತ್ತದೆ: ಹೊರಗಿನ ಸದಸ್ಯರು, ಮಧ್ಯಂತರ ರಕ್ಷಣೆ ಇವು ಲೈಂಗಿಕ ಕಿರುಕುಳದ ದೂರಿಗೆ ನ್ಯಾಯವಾದರೆ ಜಾತಿಯ, ಧರ್ಮದ ಅವಮಾನದ ದೂರಿಗೆ ಯಾಕೆ ಇರಬಾರದು?

ಮೂರನೆಯ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಸೀಟು ಮೀಸಲಿಟ್ಟಿತು. ಅದಕ್ಕಿಂತ ದೊಡ್ಡದು ಅದು ತಂದ ವಿಚಾರ: ವಿದ್ಯಾರ್ಥಿಗೆ ತಕ್ಕಂತೆ ಸಂಸ್ಥೆ ತನ್ನನ್ನು ಸೂಕ್ತವಾಗಿ ಹೊಂದಿಸಿಕೊಳ್ಳಬೇಕು, ಹೊಂದಿಸಿಕೊಳ್ಳದಿದ್ದರೆ ಅದೇ ತಾರತಮ್ಯ. ಇಲ್ಲಿ ವಿದ್ಯಾರ್ಥಿ ತನಗೆ ಅನ್ಯಾಯವಾಯಿತೆಂದು ಅಳಬೇಕಾಗಿಲ್ಲ. ಮೊದಲು ಕೆಲಸ ಮಾಡಬೇಕಾದದ್ದು ಸಂಸ್ಥೆ.

ಆಚರಣೆಯಲ್ಲಿ ಇದಕ್ಕೂ ಕೋರ್ಟು ಬೇಕಾಯಿತು. ಕೈ ಸೆಟೆದು ಬರೆಯಲಾಗದ ಅಭ್ಯರ್ಥಿಗೆ ಬರಹಗಾರರ ನೆರವು ಸಿಗಬೇಕೆಂದು ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಬೇಕಾಯಿತು. ಅದೇ ವರ್ಷ ನೀಟ್ ಪರೀಕ್ಷೆಯಲ್ಲಿ ಬರವಣಿಗೆಯ ವೈಕಲ್ಯವಿದ್ದ ಒಬ್ಬ ಹುಡುಗಿಗೆ ಸಿಗಬೇಕಿದ್ದ ಹೆಚ್ಚುವರಿ ಒಂದು ಗಂಟೆ ಸಿಗಲಿಲ್ಲ. ಉತ್ತರ ಪತ್ರಿಕೆಯನ್ನು ಎಲ್ಲರ ಜೊತೆಗೇ ಕಿತ್ತುಕೊಳ್ಳಲಾಯಿತು. ಅದು ತಪ್ಪೆಂದು ಕೋರ್ಟು ಹೇಳಿತು, ಆದರೆ ಆ ಗಂಟೆ ಕಳೆದುಹೋಗಿತ್ತು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಇದ್ದ ಐದು ವರ್ಷದ ಗಡುವು 2022ರಲ್ಲಿ ಮುಗಿಯಿತು. ನಿಮ್ಮೂರಿನ ಕಾಲೇಜಿನ ಮೊದಲ ಮಹಡಿಗೆ ಗಾಲಿಕುರ್ಚಿ ಹೋಗುತ್ತದೆಯೇ ಎಂದು ಒಮ್ಮೆ ನೋಡಿ ಬನ್ನಿ.

ಈ ಹೊಂದಿಸಿಕೊಳ್ಳುವ ವಿಚಾರ ವೈಕಲ್ಯಕ್ಕೆ ಮಾತ್ರ ಸೀಮಿತವಲ್ಲ. ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ತಮಿಳು ಮೂಲದ ಹಿಂದೂ ವಿದ್ಯಾರ್ಥಿನಿಯೊಬ್ಬಳು ಮೂಗುತಿ ಧರಿಸಿ ಶಾಲೆಗೆ ಬಂದಾಗ ಶಾಲೆ ಸಮವಸ್ತ್ರದ ನಿಯಮ ತೋರಿಸಿತು. 2007ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅವಳ ಪರ ನಿಂತು, ಹೊಂದಿಸಿಕೊಳ್ಳಬೇಕಾದದ್ದು ಶಾಲೆ ಎಂದಿತು. ಉಡುಪಿಯಿಂದ ಆರಂಭವಾದ ಹಿಜಾಬ್ ಪ್ರಕರಣದಲ್ಲಿ ಈ ತೀರ್ಪನ್ನು ನಮ್ಮ ಹೈಕೋರ್ಟಿನ ಮುಂದೆ ಇಡಲಾಯಿತು, 2022ರ ಮಾರ್ಚ್ 15ರ ತೀರ್ಪು ಅದನ್ನು ಒಪ್ಪಲಿಲ್ಲ. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ತಲೆವಸ್ತ್ರದ ಪರ ವಿರೋಧ ಏನೇ ಇರಲಿ, ಪರೀಕ್ಷೆಯ ಹೊತ್ತಿಗೆ ಗೇಟಿನ ಹೊರಗೆ ನಿಂತ ಹುಡುಗಿಗೆ ಸಂಸ್ಥೆ ಏನು ಹೊಂದಾಣಿಕೆ ಮಾಡಬಹುದಿತ್ತು ಎಂಬ ಪ್ರಶ್ನೆ ಹಿಂದೆ ಸರಿಯಿತು.

ಹೀಗೆ ಕೇಳುವ ನಾವು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಸಮುದಾಯದ ಟ್ರಸ್ಟುಗಳು ನಡೆಸುವ ಕಾಲೇಜುಗಳು ಈಗ ಎಷ್ಟೋ ಇವೆ. ಅಲ್ಪಸಂಖ್ಯಾತ ಸಂಸ್ಥೆ ಎಂಬ ಮಾನ್ಯತೆ ಈ ಕಾನೂನುಗಳಿಂದ ಪಾರಾಗುವ ಪರವಾನಗಿಯಲ್ಲ. ಆಡಳಿತ ಮಂಡಳಿಯವರ ಬಂಧುವೊಬ್ಬನ ಮೇಲೆ ವಿದ್ಯಾರ್ಥಿನಿ ದೂರು ಕೊಟ್ಟರೆ ಅಲ್ಲಿ ಏನಾಗುತ್ತದೆ? ಸಮುದಾಯದ ಮಾನದ ಹೆಸರಿನಲ್ಲಿ ಅವಳ ಬಾಯಿ ಮುಚ್ಚಿಸುವ ಹಿರಿಯರು ನಮ್ಮಲ್ಲಿ ಇಲ್ಲವೇ? ಹೊರಗಿನವರಿಂದ ನ್ಯಾಯ ಬೇಡುವವರು ಒಳಗೆ ಅದನ್ನು ಕೊಟ್ಟು ತೋರಿಸಬೇಕು.

ನಮ್ಮ ಕೋರ್ಟು ಕಚೇರಿಗಳ ಕನ್ನಡದಲ್ಲಿ ದೂರಿಗೆ ಫಿರ್ಯಾದು ಎನ್ನುತ್ತಾರೆ. ಪಾರಸಿಯಿಂದ ಬಂದ ಮಾತು. ಉರ್ದುವಿನಲ್ಲಿ ಫರಿಯಾದ್ ಎಂದರೆ ಇಂದಿಗೂ ಅರ್ಜಿಯಷ್ಟೇ ಅಲ್ಲ, ಕಾಪಾಡಿ ಎಂಬ ಕೂಗು. ಕಚೇರಿಯ ಕನ್ನಡಕ್ಕೆ ಬರುವಾಗ ಕೂಗು ಕಳೆದು ಕಾಗದ ಉಳಿಯಿತು. ನಿಯಮಗಳಲ್ಲೂ ಆದದ್ದು ಅದೇ. ಯಾವುದೇ ವಿಶ್ವವಿದ್ಯಾಲಯದ ನೀತಿಯನ್ನು ಅಳೆಯಲು ಎಷ್ಟು ಸಮಿತಿಗಳಿವೆ ಎಂದು ಎಣಿಸಬೇಕಿಲ್ಲ. ದೂರು ಕೊಟ್ಟ ವಿದ್ಯಾರ್ಥಿ ಮರುದಿನ ಬೆಳಿಗ್ಗೆ ತಲೆಯೆತ್ತಿ ಅದೇ ತರಗತಿಗೆ ಬರಬಲ್ಲಳೇ ಎಂದು ಕೇಳಿದರೆ ಸಾಕು.